ಗಂಟೆ ಮಾವನ ಹೊಸ ಅವತಾರ

ಮೊದಲೇ ಹೇಳಿಬಿಡುತ್ತೇನೆ, ಹೊಸ ಆಟ ನನಗೆ ಹಿಡಿಸಲಿಲ್ಲ. ಹಿಡಿಸದ ಆಟವನ್ನು ನಾಲ್ಕು ತಿಂಗಳು ಯಾಕೆ ಆಡಿದೆ ಎಂದು ಕೇಳುವವರಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಹೊಸನಗರದಲ್ಲಿ ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಫ್ಲೆಕ್ಸು, ಬಿಲ್ ಪುಸ್ತಕ ಇವುಗಳ ಡಿಸೈನ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ನಲವತ್ತು ದಾಟಿದೆ. ಮದುವೆಯಾಗಿಲ್ಲ. ಊರವರದ್ದೆಲ್ಲ ಪತ್ರಿಕೆ ಮಾಡಿಕೊಟ್ಟವಳು ತನ್ನದೊಂದು ಮಾಡಿಕೊಳ್ಳಲಿಲ್ಲ ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ. ನಾನೂ ನಗುತ್ತೇನೆ, ನಕ್ಕು ಮುಗಿಸಿ ‘ಪ್ರೂಫ್ ನೋಡಿ’ ಎಂದು ಕಾಗದ ಮುಂದೆ ತಳ್ಳುತ್ತೇನೆ. ಅಂಗಡಿಯ ಮೇಲಿನ ಕೋಣೆಯಲ್ಲೇ ಮನೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೆಳಗಿಳಿದು, ಷಟರ್ ಅರ್ಧ ಎಳೆದುಕೊಂಡು, ಡಿಸೈನ್ ಮಾಡುವ ಲ್ಯಾಪ್‌ಟಾಪಿನಲ್ಲೇ ಗೇಮ್ ಆಡುತ್ತೇನೆ. ಗೊತ್ತಾದವರು ‘ಈ ವಯಸ್ಸಲ್ಲಿ ಎಂತದು ಮಾರಾಯ್ತಿ’ ಎನ್ನುತ್ತಾರೆ. ಈ ವಯಸ್ಸಲ್ಲಿ ದಿನಕ್ಕೆ ನಾಲ್ಕು ಧಾರಾವಾಹಿ ನೋಡಬಹುದಂತೆ, ಗೇಮ್ ಮಾತ್ರ ಆಡಬಾರದಂತೆ. ಯಾವ ಸೀಮೆ ನ್ಯಾಯವೋ ಏನೋ.

ಈ ಆಟ ಮೊದಲು ಬಂದದ್ದು ಬಹಳ ಹಿಂದೆ, ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿದೆ. ಅದು ನಮ್ಮ ಬಾಯಿಗೆ ಹತ್ತಲೇ ಇಲ್ಲ. ನಾವು ಕರೆಯುತ್ತಿದ್ದುದು ಗಂಟೆ ಮಾವ ಎಂದು. ಉದ್ದ ಕೋಟು, ದಪ್ಪ ಮೀಸೆ, ಸ್ವಲ್ಪ ಹೊಟ್ಟೆ ಇರುವ ಒಬ್ಬ ಮಧ್ಯವಯಸ್ಸಿನ ಕೋಟೆ ಕಾವಲುಗಾರ. ಕೆಲಸದಿಂದ ತೆಗೆದುಹಾಕಿದ್ದಾರೆ. ಅವನ ಹತ್ತಿರ ಇರುವುದು ಕೊಕ್ಕೆ ಕಟ್ಟಿದ ಹಗ್ಗ, ಒಂದು ಬಿಲ್ಲು. ಪಾಳು ಕೋಟೆಗಳಲ್ಲಿ, ಮುಳುಗಿದ ಊರುಗಳಲ್ಲಿ ಅಲೆದು ಏಳು ಗಂಟೆಗಳನ್ನು ಹುಡುಕಿ ಬಾರಿಸಬೇಕು. ಏಳನೆಯದು ಬಾರಿಸಿದರೆ ಆಟ ಮುಗಿಯಿತು. ಯಾಕೆ ಬಾರಿಸಬೇಕು ಎಂದು ಹಳೆಯ ಆಟ ಎಲ್ಲೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ನಾವು ಆಗ ಕೆಲಸಕ್ಕಿದ್ದ ಅಂಗಡಿಯಲ್ಲಿ ಯಾಕೆ ಕೂತಿದ್ದೇವೆ ಎಂದು ನಮ್ಮನ್ನು ಯಾರು ಕೇಳಿದ್ದರು?

ನಾವು ಎಂದರೆ ನಾನು ಮತ್ತು ನನ್ನ ಗೆಳತಿ. ಇಪ್ಪತ್ತು ವರ್ಷದ ಹಿಂದೆ ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿದ್ದ ಒಂದು ಡಿಟಿಪಿ ಅಂಗಡಿಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ಅವಳು ಟೈಪಿಂಗ್ ಸೀನಿಯರ್ ಪಾಸಾದವಳು. ನೋಡದೆ ಟೈಪ್ ಮಾಡುತ್ತಿದ್ದಳು, ಟೈಪ್ ಮಾಡುತ್ತಲೇ ಗಿರಾಕಿಯ ಹತ್ತಿರ ಅವರ ಮನೆ ಸುದ್ದಿ ವಿಚಾರಿಸುತ್ತಿದ್ದಳು. ನಾನು ಜೂನಿಯರ್‌ನಲ್ಲೇ ಎರಡು ಸಲ ಡುಮ್ಕಿ. ನನಗೆ ಬರುತ್ತಿದ್ದುದು ಮೌಸು. ಗಣಪತಿ ಕೂರಿಸುವುದು, ಬಳ್ಳಿ ಬಾರ್ಡರ್ ಎಳೆಯುವುದು, ವಧುವರರ ಹೆಸರು ಬಾಗಿಸಿ ಬರೆಯುವುದು, ಇದೆಲ್ಲ ನನ್ನದು. ಇದ್ದದ್ದು ಒಂದೇ ಕಂಪ್ಯೂಟರ್. ಎರಡು ಕುರ್ಚಿ. ಎಡಗಡೆ ಅವಳು, ಅವಳ ಮುಂದೆ ಕೀಬೋರ್ಡ್. ಬಲಗಡೆ ನಾನು, ನನ್ನ ಕೈಯಲ್ಲಿ ಮೌಸ್. ಅವಳು ಟೈಪ್ ಮಾಡಿದ ಸಾಲನ್ನು ನಾನು ಆಗಲೇ ಎಳೆದು ಜಾಗಕ್ಕೆ ಕೂರಿಸುತ್ತಿದ್ದೆ. ಒಂದು ಪತ್ರಿಕೆಗೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಮಾಲೀಕರು ನಮ್ಮನ್ನು ‘ಜೋಡೆತ್ತು’ ಎನ್ನುತ್ತಿದ್ದರು.

ಮಾಲೀಕರು ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಹೋದರೆ ನಿದ್ದೆ ಮುಗಿಸಿ ಮೂರೂವರೆಗೇ ಬರುವುದು. ಆ ಎರಡು ಗಂಟೆ ನಮ್ಮದು. ಕಂಪ್ಯೂಟರನ್ನು ಯಾವುದೋ ಮುಚ್ಚಿದ ಸೈಬರ್ ಅಂಗಡಿಯಿಂದ ತಂದಿದ್ದರು, ಅದರೊಳಗೆ ಗಂಟೆ ಮಾವ ಹಾಗೇ ಉಳಿದುಕೊಂಡಿದ್ದ. ಡಬ್ಬಿ ತೆರೆದು ಬೇಗ ಬೇಗ ಉಂಡು ನಾವು ಆಟಕ್ಕೆ ಕೂರುತ್ತಿದ್ದೆವು. ಕೆಲಸಕ್ಕೆ ಹೇಗೆ ಕೂರುತ್ತಿದ್ದೆವೋ ಆಟಕ್ಕೂ ಹಾಗೇ. ಮಾವನನ್ನು ನಡೆಸುವುದು, ಓಡಿಸುವುದು, ಹಾರಿಸುವುದು ಕೀಬೋರ್ಡಿನಲ್ಲಿ. ಅದು ಅವಳ ಪಾಲು. ಅವನು ಎತ್ತ ನೋಡಬೇಕು, ಎಲ್ಲಿಗೆ ಹಗ್ಗ ಎಸೆಯಬೇಕು, ಯಾರಿಗೆ ಬಾಣ ಬಿಡಬೇಕು ಎಂಬುದು ಮೌಸಿನಲ್ಲಿ. ಅದು ನನ್ನದು. ಒಬ್ಬರೇ ಆಡಲೆಂದು ಮಾಡಿದ ಆಟ ಅದು. ನಮಗೆ ಅದು ಗೊತ್ತೇ ಇರಲಿಲ್ಲ. ಇಷ್ಟೊಂದು ಕೀಲಿ, ಮೇಲೊಂದು ಮೌಸ್, ಒಬ್ಬಳಿಂದ ಆಗುವ ಕೆಲಸವಾ ಇದು ಎಂದೇ ಅಂದುಕೊಂಡಿದ್ದೆವು.

ಇಬ್ಬರು ಸೇರಿ ಒಬ್ಬ ಮನುಷ್ಯನನ್ನು ನಡೆಸುವುದು ಸುಲಭವಲ್ಲ. ಅವಳು ಓಡಿಸುವ ಹೊತ್ತಿಗೆ ನಾನು ಅವನ ಮುಖ ಗೋಡೆಗೆ ತಿರುಗಿಸಿರುತ್ತಿದ್ದೆ. ‘ತಿರುಗ್ಸೆ, ತಿರುಗ್ಸೆ, ಅಯ್ಯೋ ಆ ಕಡೆ ಅಲ್ವೇ ಕೋಣ!’ ಎಂದು ಅವಳು ಕೂಗುತ್ತಿದ್ದಳು. ಕೊನೆಗೆ ಒಂದು ಲೆಕ್ಕ ಕಟ್ಟಿಕೊಂಡೆವು. ‘ಒಂದ್’ ಅಂದರೆ ನಾನು ಎದುರಿನ ತೊಲೆ ನೋಡಬೇಕು, ‘ಎರಡ್’ ಅಂದರೆ ಹಗ್ಗ ಎಸೆಯಬೇಕು, ‘ಹಾರ್’ ಅನ್ನುವಾಗ ಅವಳ ಹೆಬ್ಬೆರಳು ಉದ್ದ ಕೀಲಿಯ ಮೇಲೆ ಬೀಳಬೇಕು. ಬಿದ್ದರೆ ಆಟ ನಮ್ಮನ್ನು ಬಹಳ ಹಿಂದಕ್ಕೆ ಕಳಿಸುತ್ತಿತ್ತು, ಅರ್ಧ ಗಂಟೆ ಆಡಿದ್ದೆಲ್ಲ ನೀರುಪಾಲು. ಆಗ ಜಗಳ. ‘ನಿಂದೇ ತಪ್ಪು’, ‘ನಿಂದೇ ತಪ್ಪು’. ನಕ್ಕೂ ನಕ್ಕೂ ಮತ್ತೆ ಅಲ್ಲಿಂದ ಶುರು.

ಆಟದ ಜಾಗಗಳಿಗೆ ನಮ್ಮದೇ ಹೆಸರಿಟ್ಟಿದ್ದೆವು. ಮೆಟ್ಟಿಲು ಮುಗಿಯದ ಮೂರನೆಯ ಕೋಟೆ ನಮಗೆ ಕವಲೇದುರ್ಗ. ಮುಳುಗಿದ ಊರಿನ ಹಂತ ಹಿನ್ನೀರು. ಅದರಲ್ಲಿ ನೀರಿನೊಳಗೆ ಬಾಗಿಲು, ಜಗಲಿ, ಕಟ್ಟೆ ಎಲ್ಲ ಕಾಣುತ್ತಿತ್ತು. ಗೆಳತಿಯ ಅಜ್ಜಿಯ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತಂತೆ. ‘ಮೆಲ್ಲ ಹೋಗಾಣ ಕಣೆ, ನಮ್ಮಜ್ಜಿ ಮನೆ ಇಲ್ಲೇ ಎಲ್ಲೋ ಇತ್ತು’ ಎಂದು ಅವಳು ತಮಾಷೆಗೆ ಹೇಳಿದ್ದಳು. ಆಮೇಲೆ ಆ ಹಂತ ಬಂದಾಗಲೆಲ್ಲ ನಾವು ಮೆಲ್ಲಗೇ ಹೋಗುತ್ತಿದ್ದೆವು. ರಜೆ ಸಿಕ್ಕ ದಿನ ವರದಮೂಲಕ್ಕೆ ಹೋಗಿ ಕೆರೆಯ ಮೆಟ್ಟಿಲ ಮೇಲೆ ಕೂತರೂ ಮಾತು ಮಾವನದ್ದೇ. ನನಗೆ ಆಗ ಬೇರೆ ಗೆಳತಿಯರಿರಲಿಲ್ಲ, ಈಗಲೂ ಇಲ್ಲ.

ಏಳನೆಯ ಗಂಟೆ ಇರುವ ಬಾಗಿಲ ಹತ್ತಿರ ಬಂದು ನಿಲ್ಲುವಷ್ಟರಲ್ಲಿ ಒಂದು ವರ್ಷವಾಗಿತ್ತು. ಆ ವಾರವೇ ಅವಳನ್ನು ನೋಡಲು ತೀರ್ಥಹಳ್ಳಿ ಕಡೆಯಿಂದ ಗಂಡಿನವರು ಬರುತ್ತಾರೆಂದು ಅವಳು ಎರಡು ದಿನ ರಜೆ ಹಾಕಿದಳು. ಹೋಗುವಾಗ ‘ಬಾಗಿಲು ತೆಗೀಬೇಡ, ನಾನು ಬಂದ್ಮೇಲೆ ತೆಗಿಯಾಣ’ ಎಂದು ಹೇಳಿಯೇ ಹೋದಳು. ನಾನು ತಲೆಯಾಡಿಸಿದೆ. ನನಗೆ ಒಳಗೊಳಗೇ ಸಿಟ್ಟಿತ್ತು. ಮದುವೆಯಾಗಿ ಹೋಗುತ್ತಾಳೆ, ನನ್ನನ್ನು ಈ ಕುರ್ಚಿಯಲ್ಲಿ ಬಿಟ್ಟು ಹೋಗುತ್ತಾಳೆ ಎಂದು. ಹೇಳಿಕೊಳ್ಳಲಾಗದ ಸಿಟ್ಟು ಅದು.

ಎರಡನೆಯ ದಿನ ಪ್ರಿಂಟರ್ ರಿಪೇರಿಗೆ ಒಬ್ಬ ಬಂದ. ಕೆಲಸ ಮುಗಿಸಿ, ಸ್ಕ್ರೀನಿನಲ್ಲಿ ನಿಂತಿದ್ದ ಮಾವನನ್ನು ನೋಡಿ ‘ಓ, ಈ ಗೇಮಾ, ನಂಗೂ ಗೊತ್ತು ಮೇಡಂ’ ಎಂದ. ಅವಳ ಕುರ್ಚಿಯಲ್ಲಿ ಕೂತ. ನಾನು ಬೇಡ ಅನ್ನಲಿಲ್ಲ. ಅವನು ಓಡಿಸಿದ, ನಾನು ಹಗ್ಗ ಎಸೆದೆ. ಬಾಗಿಲು ತೆರೆಯಿತು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಏಳನೆಯ ಗಂಟೆ ಬಾರಿಸಿದ ಮೇಲೆ ಮಾವ ಅದರ ಕೆಳಗೆ ಕೂತು, ಬೂಟು ಬಿಚ್ಚಿ, ಕಾಲು ಚಾಚಿದ. ಅಷ್ಟೇ. ವರ್ಷವಿಡೀ ಆಡಿದ್ದಕ್ಕೆ ಕೊನೆ ಅಷ್ಟೇ. ಪ್ರಿಂಟರಿನವನು ‘ಥತ್’ ಎಂದು ಬ್ಯಾಗು ಎತ್ತಿಕೊಂಡು ಹೋದ.

ಮಾರನೆಯ ದಿನ ಅವಳು ಬಂದು ಆಟ ತೆರೆದಳು. ನಾವು ಎಲ್ಲಿಯವರೆಗೆ ಆಡಿದ್ದೇವೆ ಎಂಬುದನ್ನು ಆಟ ನೆನಪಿಟ್ಟುಕೊಂಡು ಮೊದಲ ಪುಟದಲ್ಲೇ ತೋರಿಸುತ್ತಿತ್ತು. ಬಾರಿಸಿದ ಗಂಟೆ ಆರು ಎಂದಿದ್ದಲ್ಲಿ ಏಳು ಎಂದಿತ್ತು. ಅವಳು ಅದನ್ನು ನೋಡಿ, ನನ್ನ ಕಡೆ ತಿರುಗದೆ ಒಂದೇ ಮಾತು ಕೇಳಿದಳು.

‘ಕೀ ಒತ್ತಿದ್ದು ಯಾರು?’

ತಪ್ಪಾಯಿತು ಅನ್ನಬಹುದಿತ್ತು. ನನ್ನ ಹಾಳು ಬಾಯಿ. ‘ಯಾರಾದ್ರೇನು? ನೀನು ಹೆಂಗೂ ಹೋಗೋಳಲ್ಲ’ ಅಂದುಬಿಟ್ಟೆ.

ಅವಳು ಆಟ ಮುಚ್ಚಿದಳು. ಬಾಕಿಯಿದ್ದ ಒಂದು ಬಾಡಿಗೆ ಕರಾರು ತೆರೆದು ಟೈಪ್ ಮಾಡತೊಡಗಿದಳು. ಮತ್ತೆ ನಾವು ಆಡಲಿಲ್ಲ. ಎರಡು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಅವಳ ಮದುವೆ ಪತ್ರಿಕೆ ಅಂಚೆಯಲ್ಲಿ ಬಂತು. ತೆರೆದು ನೋಡಿದರೆ ತೀರ್ಥಹಳ್ಳಿಯ ಯಾವುದೋ ಪ್ರೆಸ್ಸಿನಲ್ಲಿ ಮಾಡಿಸಿದ್ದು. ಗಣಪತಿ ಒಂದು ಕಡೆ ವಾಲಿದೆ, ಬಾರ್ಡರ್ ಅಕ್ಷರವನ್ನು ನುಂಗಿದೆ. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ನಾನು ಮನಸ್ಸಿನಲ್ಲೇ ಆ ಪತ್ರಿಕೆಯನ್ನು ಎಷ್ಟು ಸಲ ಡಿಸೈನ್ ಮಾಡಿಟ್ಟಿದ್ದೆ ಎಂಬುದು ನನಗೇ ಗೊತ್ತು. ಮದುವೆಗೆ ಹೋಗಲಿಲ್ಲ. ಆಮೇಲೆ ಮಾತೂ ಇಲ್ಲ, ಕತೆಯೂ ಇಲ್ಲ. ನಾನು ಹೊಸನಗರಕ್ಕೆ ಬಂದು ಸ್ವಂತ ಅಂಗಡಿ ಹಾಕಿದೆ.

ಇಷ್ಟು ಹಿಂದಿನ ಕತೆ. ಈಗ ಮಾವನ ಹೊಸ ಅವತಾರದ ವಿಷಯಕ್ಕೆ ಬರುತ್ತೇನೆ.

ಆ ಆಟವನ್ನು ಮೊದಲಿನಿಂದ ಹೊಸದಾಗಿ ಮಾಡಿದ್ದಾರೆ ಎಂದು ಯೂಟ್ಯೂಬಿನಲ್ಲಿ ನೋಡಿದೆ. ಕೊಂಡೆ. ತೆರೆದೆ. ಮಾವ ಎಲ್ಲಿ? ಹೊಟ್ಟೆ ಹೋಗಿದೆ. ಮೀಸೆ ಹೋಗಿದೆ. ಇಪ್ಪತ್ತೈದರ ಹುಡುಗ, ಸೋಪಿನ ಜಾಹೀರಾತಿನವನು. ಅವನಿಗೆ ಸತ್ತ ಅಪ್ಪ ಬೇರೆ. ಮೂರು ಮೆಟ್ಟಿಲು ಹತ್ತಿದರೆ ಅಪ್ಪನ ನೆನಪು, ಒಂದು ಬಾಗಿಲು ತೆರೆದರೆ ಕಣ್ಣೀರು. ಗಂಟೆ ಯಾಕೆ ಬಾರಿಸಬೇಕು ಎಂಬುದಕ್ಕೆ ಈಗ ಕಾರಣ ಇದೆ, ಅಪ್ಪನ ಆತ್ಮಕ್ಕೆ ಶಾಂತಿಯಂತೆ. ಕಾರಣ ಗೊತ್ತಾದ ಮೇಲೆ ಗಂಟೆಗಳು ನನಗೆ ಸಣ್ಣವಾಗಿ ಕಂಡವು.

ಎರಡನೆಯದು, ಅವನ ಬಾಯಿ. ಹಳೆಯ ಮಾವ ಹಾರುವ ಮೊದಲು ಒಮ್ಮೆ ‘ಹೂಂ’ ಎನ್ನುತ್ತಿದ್ದ, ಅದು ಬಿಟ್ಟರೆ ಮಾತಿಲ್ಲ. ಇವನು ಸುಮ್ಮನಿರುವುದೇ ಇಲ್ಲ. ನಾನು ಅರ್ಧ ನಿಮಿಷ ನಿಂತು ಗೋಡೆ ನೋಡಿದರೆ ಸಾಕು, ‘ಅಲ್ಲಿ ಹಗ್ಗ ಎಸೆಯಬಹುದೇನೋ’ ಎಂದು ತಾನೇ ಹೇಳುತ್ತಾನೆ. ಅಯ್ಯಾ, ನನಗೂ ಎರಡು ಕಣ್ಣಿದೆ ಮಾರಾಯ! ಅದೂ ಸಾಲದೆಂದು ಹತ್ತಬೇಕಾದ ಕಲ್ಲಿಗೆಲ್ಲ ಬಿಳಿ ಸುಣ್ಣ ಬಳಿದಿದ್ದಾರೆ. ಪಾಳುಬಿದ್ದ ಕೋಟೆಗೆ ಸುಣ್ಣ ಹೊಡೆದವರು ಯಾರು? ದಾರಿ ತಪ್ಪಲು ಜಾಗವೇ ಇಲ್ಲ. ಬಿದ್ದು ಸತ್ತರೆ ಅಲ್ಲಿಯೇ ಎಬ್ಬಿಸಿ ನಿಲ್ಲಿಸುತ್ತಾರೆ, ಹಿಂದಕ್ಕೆ ಹೋಗುವುದಿಲ್ಲ. ಬಿದ್ದದ್ದಕ್ಕೆ ಯಾರ ಹತ್ತಿರವೂ ಜಗಳ ಆಡಬೇಕಾಗಿಲ್ಲ.

ಚೆನ್ನಾಗಿರುವುದನ್ನು ಚೆನ್ನಾಗಿದೆ ಎನ್ನಬೇಕು. ನೀರನ್ನು ಅದ್ಭುತವಾಗಿ ಮಾಡಿದ್ದಾರೆ. ಹಿನ್ನೀರಿನ ಹಂತದಲ್ಲಿ ಬಿಸಿಲು ನೀರಿನೊಳಗಿಳಿದು ಮುಳುಗಿದ ಜಗಲಿಯ ಮೇಲೆ ಬೀಳುವುದನ್ನು ನೋಡಿ ನಾನು ಮೌಸ್ ಬಿಟ್ಟು ಕೂತೆ. ಗಂಟೆಯ ಸದ್ದೂ ಚೆಂದ, ಬಾರಿಸಿದ ಮೇಲೆ ಬಹಳ ಹೊತ್ತು ಉಳಿಯುತ್ತದೆ. ಆಗ ನನ್ನ ಎಡಗಡೆ ಯಾರಿಗೋ ‘ನೋಡೇ’ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡೆ. ಎಡಗಡೆ ಸ್ಟೆಬಿಲೈಸರ್ ಇತ್ತು.

ನಿಜವಾದ ತೊಂದರೆ ಇನ್ನೊಂದು. ನನಗೆ ಆಡಲು ಬರುತ್ತಿರಲಿಲ್ಲ. ಬಾಣ ಎಲ್ಲಿ ಬಿಟ್ಟರೂ ಗುರಿ ತಪ್ಪುತ್ತಿರಲಿಲ್ಲ, ಆದರೆ ಅವನನ್ನು ನಾಲ್ಕು ಹೆಜ್ಜೆ ನೆಟ್ಟಗೆ ನಡೆಸಲಾಗಲಿಲ್ಲ. ವರ್ಷವಿಡೀ ಆಡಿದವಳು ನಾನು, ಅವನ ಕಾಲು ಒಂದು ದಿನವೂ ನನ್ನ ಕೈಯಲ್ಲಿರಲಿಲ್ಲ! ಎಡಗೈ ಕೀಬೋರ್ಡಿನ ಮೇಲೆ ಇಟ್ಟರೆ ಯಾರದೋ ಕೈ ಇಟ್ಟ ಹಾಗೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೋಗುವ ನಾಲ್ಕು ಕೀಲಿಗೆ ನಾಲ್ಕು ಬಣ್ಣದ ಬಿಂದಿ ಅಂಟಿಸಿಕೊಂಡೆ. ಹಿನ್ನೀರಿನ ಒಂದು ಜಿಗಿತಕ್ಕೆ ಮೂರು ಭಾನುವಾರ ಹೋಯಿತು. ಕನ್ನಡದಲ್ಲಿ ಗೇಮ್ ಬಗ್ಗೆ ಮಾತಾಡುವ ಫೇಸ್‌ಬುಕ್ ಗುಂಪೊಂದಿದೆ. ಅಲ್ಲಿ ನನ್ನ ಅಭಿಪ್ರಾಯ ಉದ್ದಕ್ಕೆ ಬರೆದು, ಆಡಿದ ವಿಡಿಯೋ ಒಂದಿಷ್ಟು ಹಾಕಿದೆ. ‘ಸೂಪರ್ ಬ್ರೋ’, ‘ಇಷ್ಟುದ್ದ ಯಾರ್ ಓದ್ತಾರೆ ಬ್ರೋ’. ಒಬ್ಬ ಬರೆದ: ‘ಎಡಗೈ ಕಟ್ಟಾಕ್ಕೊಂಡು ಆಡ್ತೀರಾ ಬ್ರೋ?’ ನಾನು ಹೌದು ಎಂದು ಬರೆದೆ.

ಬರೆದದ್ದನ್ನು ಅವಳು ಓದಬಹುದು ಎಂಬ ಆಸೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಓದಲಿಲ್ಲ.

ಮೊನ್ನೆ ಒಬ್ಬರು ಜಾಗದ ಪತ್ರ ಒಂದನ್ನು ಜೆರಾಕ್ಸಿಗೆ ತಂದರು. ತೀರ್ಥಹಳ್ಳಿಯಲ್ಲಿ ಟೈಪ್ ಆಗಿದ್ದು. ಪತ್ರದ ಕೊನೆಯಲ್ಲಿ ಖಾಲಿ ಜಾಗ ಉಳಿದರೆ ಯಾರಾದರೂ ಏನಾದರೂ ಸೇರಿಸಿಯಾರು ಎಂದು ಟೈಪಿಸ್ಟರು ಅಡ್ಡಗೆರೆ ತುಂಬಿಸುತ್ತಾರೆ. ಇದರಲ್ಲಿ ಮೂರು ನಕ್ಷತ್ರ, ಒಂದು ಗೆರೆ, ಮತ್ತೆ ಮೂರು ನಕ್ಷತ್ರ ಇತ್ತು. ಹಾಗೆ ಮುಗಿಸುವವಳು ಒಬ್ಬಳೇ. ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಹಿಡಿದು ನಾನು ಹಾಗೇ ನಿಂತೆ. ‘ಎಂತ ಆಯ್ತು ಮೇಡಂ, ಮಿಷನ್ ಕೆಟ್ಟೋಯ್ತಾ?’ ಎಂದರು ಅವರು. ಟೈಪ್ ಮಾಡಿದವರ ನಂಬರ್ ಅವರ ಹತ್ತಿರವೇ ಇತ್ತು.

ಸಂಜೆ ಫೋನ್ ಮಾಡಿದೆ. ಹಿಂದೆ ಟೈಪಿಂಗ್ ಸದ್ದು ಕೇಳುತ್ತಿತ್ತು.

‘ಹೇಳಿ. ಕರಾರಾ, ಅಫಿಡವಿಟ್ಟಾ?’

‘ನಾನು ಕಣೆ. ಸಾಗರದ ಅಂಗಡೀಲಿ ಬಲಗಡೆ ಕೂರ್ತಿದ್ದೆ.’

ಟೈಪಿಂಗ್ ನಿಂತಿತು. ‘ಬದುಕಿದೀಯಾ?’ ಎಂದಳು.

‘ಬದುಕಿದೀನಿ. ಗಂಟೆ ಮಾವಂಗೆ ಮತ್ತೆ ಹುಟ್ಟೋ ಯೋಗ ಬಂತು. ಹೊಸ ಆಟ ಬಂದಿದೆ. ಕೊನೆ ಬಾಗಿಲ ಹತ್ರ ತಂದು ನಿಲ್ಸಿದೀನಿ, ತೆಗ್ದಿಲ್ಲ. ಈ ಸಲ ತೆಗ್ದಿಲ್ಲ.’

‘ಭಾನುವಾರ ಬಾ. ಊಟಕ್ಕೇ ಬಾ’ ಎಂದಳು.

ಬಾಗಿಲು ತೆಗೆದಿಲ್ಲ ಅಂದದ್ದು ಸುಳ್ಳಲ್ಲ. ನಾಲ್ಕು ತಿಂಗಳು ಒದ್ದಾಡಿ, ಎಡಗೈಗೆ ನಡೆಯಲು ಕಲಿಸಿ, ಆರು ಗಂಟೆ ಬಾರಿಸಿ, ಏಳನೆಯ ಬಾಗಿಲ ಮುಂದೆ ಅವನನ್ನು ನಿಲ್ಲಿಸಿದ್ದೆ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಅವಳ ಜೊತೆ ಕೂತು ಆ ಬಾಗಿಲು ತೆಗೆದರೆ ಹಳೆಯದು ಸರಿಯಾದೀತು, ನನಗೆ ಮತ್ತೆ ಒಬ್ಬಳು ಗೆಳತಿ ಸಿಕ್ಕಾಳು ಎಂಬುದೇ ನನ್ನ ಲೆಕ್ಕ. ಬೇರೆ ಯಾವ ಆಸೆಯೂ ಇರಲಿಲ್ಲ.

ಭಾನುವಾರ ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ತುಂಬಿ, ಕೋಣಂದೂರು ಮೇಲೆ ಹೋಗುವ ಬಸ್ಸು ಹತ್ತಿದೆ. ಕೋಣಂದೂರಿನಲ್ಲಿ ಜನ ತುಂಬಿದರು. ಪಕ್ಕದಲ್ಲಿ ಕೂತ ಹೆಂಗಸು ‘ಬ್ಯಾಗು ಮೇಲಿಡಬೌದಲ್ಲ’ ಎಂದರು. ‘ಒಡೆಯೋ ಸಾಮಾನು’ ಎಂದು ತೊಡೆಯ ಮೇಲೇ ಇಟ್ಟುಕೊಂಡೆ. ತೀರ್ಥಹಳ್ಳಿಯಲ್ಲಿ ಇಳಿದಾಗ ಅವಳೇ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಅವಳಿಗೆ ಕನ್ನಡಕ ಬಂದಿದೆ, ನನಗೆ ನರೆ ಬಂದಿದೆ. ‘ದಪ್ಪ ಆಗಿದೀಯ’ ಎಂದಳು. ‘ನೀನೆಂತ ಬಳ್ಳಿ ಹಾಗಿದೀಯಾ?’ ಎಂದೆ. ಅಲ್ಲಿಂದ ಅವಳ ಮನೆಗೆ ನಡೆದೆವು.

ಅವಳ ಗಂಡ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ನೀರುದೋಸೆ, ಕಾಯಿಚಟ್ನಿ, ಆಮೇಲೆ ಅನ್ನ ಸಾರು. ಕೈ ತೊಳೆದು ಬಂದು ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದೆ. ನಾನು ಬಲಗಡೆ ಕೂತೆ. ಅವಳು ಕೈ ಸೆರಗಿಗೆ ಒರೆಸಿಕೊಂಡು ಬಂದು ಎಡಗಡೆ ಕುರ್ಚಿ ಎಳೆದು ಕೂತಳು. ಸ್ಕ್ರೀನಿನಲ್ಲಿ ಹುಡುಗ ಬಾಗಿಲ ಮುಂದೆ ನಿಂತು ಅಪ್ಪನ ವಿಷಯ ಗೊಣಗುತ್ತಿದ್ದ.

‘ಇವ ಯಾರು?’

‘ಮಾವನೇ.’

‘ಥೂ, ಎಂತ ಇವ ಹಿಂಗೆ ಅಳ್ತಾನೆ! ಮೀಸೆ ಎಲ್ಲಿ?’ ಎಂದು ನಕ್ಕಳು. ಅವಳ ನಗು ಮಾತ್ರ ಹಾಗೇ ಇತ್ತು. ಬಿಂದಿ ಅಂಟಿಸಿದ ಕೀಲಿಗಳನ್ನು ಬೆರಳಲ್ಲಿ ಸವರಿ, ‘ಇವ್ನೂ ಕೊನೆಗೆ ಬೂಟು ಬಿಚ್ಚಿ ಕಾಲು ಚಾಚಿ ಕೂತ್ಕತ್ತಾನಾ?’ ಎಂದು ಕೇಳಿದಳು.

ನಾನು ಅವಳ ಮುಖ ನೋಡಿದೆ. ಆ ಕೊನೆಯನ್ನು ಅವಳು ನೋಡಿರಲಿಲ್ಲ. ನೋಡಿದವರು ನಾನು ಮತ್ತು ಪ್ರಿಂಟರಿನವನು. ನಾನು ಅವಳಿಗೆ ಹೇಳಿರಲೂ ಇಲ್ಲ.

‘ನಿಂಗೆ ಹೆಂಗೆ ಗೊತ್ತು? ಯೂಟ್ಯೂಬಲ್ಲಿ ನೋಡಿದ್ಯಾ?’

ಅವಳು ಬೆರಳು ಕೀಲಿಯ ಮೇಲಿಂದ ತೆಗೆದಳು. ‘ಇಲ್ಲ ಕಣೆ. ನಾನು ಅದನ್ನ ಅವಾಗ್ಲೇ ಮುಗ್ಸಿದ್ದೆ. ನಿಂಗೆ ಮದ್ರಾಸ್ ಐ ಬಂದು ಒಂದು ವಾರ ಬರ್ಲಿಲ್ಲಲ್ಲ, ಆ ವಾರ. ಒಬ್ಳೇ ಕೂತು ಬೇರೆಯಾಗಿ ಶುರು ಮಾಡಿ, ಮುಗ್ಸಿಬಿಟ್ಟೆ.’

‘ಒಬ್ಳೇನಾ? ಮೌಸು?’

‘ಮೌಸು ಎಂತ ಬ್ರಹ್ಮವಿದ್ಯೆನಾ? ಎರಡು ಕೈ ಇತ್ತಲ್ಲ ನಂಗೆ.’ ಅವಳು ಮೇಜಿನ ಮೇಲಿದ್ದ ಅನ್ನದ ಅಗುಳೊಂದನ್ನು ಉಗುರಲ್ಲಿ ಒತ್ತಿ ತೆಗೆದಳು. ‘ಅವ ಬೂಟು ಬಿಚ್ಚಿದ. ನಂಗೆ ನಗು ಬಂತು. ಪಕ್ಕಕ್ಕೆ ತಿರುಗಿದ್ರೆ ಖಾಲಿ ಕುರ್ಚಿ. ಯಾರ ಹತ್ರ ನಗೋದು? ಬೇಜಾರಾಯ್ತು ಮಾರಾಯ್ತಿ. ನಂದನ್ನ ಅಳ್ಸಿಹಾಕ್ದೆ. ನಮ್ಮಿಬ್ರದ್ದು ಎಲ್ಲಿತ್ತೋ ಅಲ್ಲೇ ಇತ್ತು. ನೀನು ಬಂದ್ಮೇಲೆ ಅಲ್ಲಿಂದ ಆಡಿದ್ವಿ.’

‘ಮತ್ತೆ ಆ ಹಿನ್ನೀರಲ್ಲಿ ಹತ್ತಿಪ್ಪತ್ತು ಸಲ ಬಿದ್ವಲ್ಲ!’

‘ಬೀಳ್ದಿದ್ರೆ ನಿಂಗೆ ಗೊತ್ತಾಗ್ತಿತ್ತು.’

ಅವಳಿಗೆ ನಾನಿಲ್ಲದೆ ಆಗುವುದಿಲ್ಲ, ಇಬ್ಬರೂ ಅರ್ಧರ್ಧ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಅರ್ಧ ಇದ್ದದ್ದು ನಾನೊಬ್ಬಳೇ. ಅವಳಿಗೆ ಎರಡೂ ಕೈ ಬರುತ್ತಿತ್ತು. ಬಂದರೂ ಒಂದನ್ನು ನನಗೆ ಬಿಟ್ಟುಕೊಟ್ಟು, ಬೇಕೆಂದೇ ಬಿದ್ದು, ನನ್ನ ಹತ್ತಿರ ‘ನಿಂದೇ ತಪ್ಪು’ ಎಂದು ಬೈಸಿಕೊಂಡು ಆ ಬಾಗಿಲವರೆಗೆ ಬಂದಿದ್ದಳು. ಅಂಥವಳು ‘ನಾನು ಬಂದ್ಮೇಲೆ ತೆಗಿಯಾಣ’ ಅಂದರೆ ನಾನು ಎರಡು ದಿನ ಕಾಯಲಿಲ್ಲ.

‘ತಪ್ಪಾಯ್ತು ಕಣೆ’ ಎಂದೆ.

‘ಬಿಡು. ಸಿಟ್ಟಿಗೆ ಪತ್ರಿಕೆ ಬೇರೆ ಕಡೆ ಮಾಡ್ಸಿದೆ ನಾನೂ. ಗಣಪತಿ ಬಿದ್ದೋಗಂಗಿತ್ತು. ಮನೆಯವ್ರೆಲ್ಲ ಬೈದ್ರು.’

ಇಬ್ಬರೂ ನಕ್ಕೆವು. ಕಣ್ಣು ಒರೆಸಿಕೊಂಡು ನಾನು ಮೌಸ್ ಹಿಡಿದೆ. ‘ಬಾ, ಬಾಗಿಲು ತೆಗಿಯಾಣ. ಒಂದ್ ಅನ್ನು.’

ಅವಳು ಏಳುತ್ತಾ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಳು. ‘ನಂಗೆ ಬೇಡ ಕಣೆ. ವಾರ ಎಲ್ಲ ಕೀ ಮೇಲೇ ಇರ್ತಾವೆ ಈ ಬೆರಳು. ಸಂಜೆ ಆದ್ರೆ ಮರಗಟ್ಟುತ್ತೆ. ಭಾನುವಾರನಾದ್ರೂ ರಜ ಕೊಡ್ಬೇಕು ಇದಕ್ಕೆ. ಇವ ಓಡೋದು ನೋಡಿದ್ರೆ ತಲೆನೂ ತಿರುಗುತ್ತೆ. ನೀನು ಮುಗ್ಸು, ನಾನು ಕಾಫಿ ಇಡ್ತೀನಿ.’

ಸಿಟ್ಟಿಲ್ಲ, ಕೊಂಕಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಸಿಟ್ಟಿದ್ದರೆ ಒಲಿಸಬಹುದಿತ್ತು, ಅವಳಿಗೆ ಸುಮ್ಮನೆ ಬೇಡವಾಗಿತ್ತು. ಕಾಫಿ ಕುಡಿದೆವು. ಯಾರು ಎಲ್ಲಿದ್ದಾರೆ, ಸಾಗರದ ಮಾಲೀಕರು ತೀರಿಕೊಂಡದ್ದು, ಅಂಗಡಿ ಈಗ ಬೇಕರಿಯಾಗಿರುವುದು, ಎಲ್ಲ ಮಾತಾಡಿದೆವು. ಬಸ್ಸಿಗೆ ಬಿಡಲು ಬಂದವಳು ಹಪ್ಪಳದ ಕಟ್ಟು ಕೊಟ್ಟಳು. ಬಾಗಿಲು ಹಾಗೇ ಮುಚ್ಚಿತ್ತು.

ಊರು ತಲುಪಿದಾಗ ಸಂಜೆಯಾಗಿತ್ತು. ಮೇಲೆ ಹತ್ತದೆ ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಬಾಗಿಲ ಮುಂದೆ ಹುಡುಗ ನಿಂತಿದ್ದ. ಒಂದು ಹೆಜ್ಜೆ, ಒಂದು ಹಗ್ಗ, ಮುಗಿಯುತ್ತಿತ್ತು. ನನಗೀಗ ಎರಡೂ ಕೈ ಬರುತ್ತದೆ. ಬೂಟು ಬಿಚ್ಚುತ್ತಾನೋ ಇಲ್ಲವೋ ನೋಡಿಬಿಡಬಹುದಿತ್ತು. ನಾನು ಆಟದ ಮೊದಲ ಪುಟಕ್ಕೆ ಬಂದು, ನಾಲ್ಕು ತಿಂಗಳ ಆಟವನ್ನು ಅಳಿಸಿದೆ. ‘ಖಂಡಿತ ಅಳಿಸಬೇಕೇ’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಹೌದು ಎಂದು ಒತ್ತಿದೆ.

ಅವಳಿಗೆ ಫೋನಿನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡಿ ಕಳಿಸಿದೆ: ‘ಅಳಿಸಿಹಾಕಿದೆ. ಇನ್ನು ನೀನು ಬಂದ ಮೇಲೇ ಶುರು.’

ಐದು ನಿಮಿಷಕ್ಕೆ ಉತ್ತರ ಬಂತು. ‘ಹುಚ್ಚಿ. ನೋಡಾಣ.’

ನೋಡಾಣ ಅಂದರೆ ಏನು ಎಂಬುದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪತ್ರಿಕೆ ಕೊಟ್ಟು ‘ತಪ್ಪದೆ ಬನ್ನಿ’ ಅಂದಾಗ ನೋಡಾಣ ಅಂದವರಲ್ಲಿ ಬಂದವರು ಎಷ್ಟು ಜನ ಎಂದು ಪತ್ರಿಕೆ ಮಾಡುವ ನನಗೆ ಚೆನ್ನಾಗಿ ಗೊತ್ತು. ಆದರೂ ಸ್ಟೆಬಿಲೈಸರನ್ನು ಕೆಳಗೆ ಸರಿಸಿ ಎಡಗಡೆ ಒಂದು ಕುರ್ಚಿ ಹಾಕಿದೆ.

ಸೋಮವಾರ ಬೆಳಿಗ್ಗೆ ಮಗಳ ಮದುವೆ ಪತ್ರಿಕೆಗೆಂದು ಬಂದ ಒಬ್ಬರು ಸೀದಾ ಹೋಗಿ ಅದರಲ್ಲೇ ಕೂರಲು ಬಗ್ಗಿದರು.

‘ಅಲ್ಲಿ ಬೇಡ, ಈ ಕಡೆ ಕೂತ್ಕಳಿ’ ಎಂದೆ. ‘ಅಲ್ಲಿ ಒಬ್ರು ಬರೋರಿದಾರೆ.’

ಅವರು ನೆಟ್ಟಗೆ ನಿಂತು, ಬಾಗಿಲ ಕಡೆ ತಿರುಗಿ ನೋಡಿದರು.